ನಡಾವಳಿಗೆ ಸೇರದ್ದು

ಆರಾಧನೆ ಮುಗಿದು, ಚಹಾ ಆರುವ ಮೊದಲು
ಕೂತೆವು ಏಳು ಜನ ವೆಸ್ಟ್ರಿಯಲ್ಲಿ.
ಅರಸೀಕೆರೆಯ ಗಾಡಿಗಳಿಗೆ ಭಾನುವಾರವಿಲ್ಲ;
ಆಗಾಗ ಕಿಟಕಿ ಗಾಜು ನಡುಗುತ್ತದೆ,
ಮಾತು ನಿಲ್ಲಿಸುತ್ತೇವೆ, ಬೋಗಿ ಎಣಿಸುವವರಂತೆ,
ಮತ್ತೆ ಬಿಟ್ಟಲ್ಲಿಂದ ಹಿಡಿಯುತ್ತೇವೆ.

ವಿಷಯ ಒಂದು: ನವೆಂಬರು, ವಂಶವೃಕ್ಷದ ತಿಂಗಳು.
ಅಯ್ಯನವರು ಹೊಸಬರು, ಹುರುಪು ಜಾಸ್ತಿ.
ಮೊದಲ ವಾರ ಹಳೇ ಫೋಟೋ.
ಎರಡನೇ ವಾರ ಸಮಾಧಿ ತೊಳೆದು ಹೆಸರು ನಕಲು ಮಾಡುವುದು,
ಪೊರಕೆ ಬಕೆಟ್ಟು ರೂಫಸಣ್ಣನ ಜವಾಬ್ದಾರಿ.
ಮೂರನೆಯದಕ್ಕೆ ಹುಡುಗರು ಮೊಬೈಲು ಹಿಡಿದು
ಮುದುಕರ ಮನೆಗೆ ಹೋಗಿ ದನಿ ತುಂಬಿಕೊಳ್ಳುವುದು.
ನಾಲ್ಕನೆಯದಕ್ಕೆ ಊಟ. ಊಟಕ್ಕೆ ಮಾತ್ರ
ಚರ್ಚೆಯಿಲ್ಲದೆ ಎಲ್ಲರೂ ಕೈಯೆತ್ತಿದರು.
ಖಜಾಂಚಿ ದೈವಪ್ರಸಾದ್ ಕೇಳಿದ್ದು ಒಂದೇ:
"ಫ್ಲೆಕ್ಸಿಗೆ ಎಷ್ಟಾಗುತ್ತೆ?"

ಆಮೇಲೆ ನಮೂನೆ ಹಂಚಿದರು,
ಅಯ್ಯನವರೇ ರಾತ್ರಿ ಕೂತು ಗೆರೆ ಎಳೆದದ್ದು.
ಒಂದು ಮರ, ಕೊಂಬೆಗೊಂದು ಚೌಕ:
ನೀವು, ನಿಮ್ಮಪ್ಪ, ಅವರಪ್ಪ, ಅವರಪ್ಪ,
ಬೇರಿನ ಹತ್ತಿರ ಎರಡು ಖಾಲಿ ಗೆರೆ.
ಮೂಲ ಊರು. ಮೂಲ ಹೆಸರು.

ಗಾಡಿ ಬಂದಿರಲಿಲ್ಲ. ಆದರೂ ಮಾತು ನಿಂತಿತು.

ಜ್ಞಾನಾನಂದಪ್ಪ ಕನ್ನಡಕ ಒರೆಸಿದರು, ಮತ್ತೆ ಒರೆಸಿದರು.
ತಬಿತಾ ಟೀಚರು ನಮೂನೆಯನ್ನು ಎರಡಾಗಿ ಮಡಚಿ, ನಾಲ್ಕಾಗಿ ಮಡಚಿ
ಲೋಟದ ಕೆಳಗಿಟ್ಟರು.
ನಮಗೆ ಗೊತ್ತು, ಆ ಗೆರೆಯ ಮೇಲೆ ಏನು ಬರೆದರೂ
ಊರಿನ ಯಾವ ತುದಿಯಲ್ಲಿ ಗುಡಿಸಲಿತ್ತು ಎಂದು ಬರೆದಂತೆ.
ಮುತ್ತಜ್ಜ ದೀಕ್ಷಾಸ್ನಾನದ ನೀರಲ್ಲಿ
ಬಿಟ್ಟು ಬಂದದ್ದನ್ನು
ನಾನು ನೀಲಿ ಪೆನ್ನಲ್ಲಿ ಮತ್ತೆ ಎತ್ತಬೇಕೆ?
ಎತ್ತದಿದ್ದರೆ, ಅವನಿಗೆ ಅವನವ್ವ ಇಟ್ಟ ಹೆಸರು
ನನ್ನ ಜೊತೆಗೇ ಮುಗಿದು ಹೋಗುತ್ತದಲ್ಲ.
ಎರಡನ್ನೂ ಒಟ್ಟಿಗೆ ಯೋಚಿಸುತ್ತಾ
"ಚರ್ಚಿಸಲಾಯಿತು" ಎಂದು ಬರೆದುಕೊಂಡೆ.

ಆಗ ಸುವಾರ್ತಮ್ಮ, ಸಭೆಗೆ ಕರೆದವಳಲ್ಲ,
ಲೋಟ ಎತ್ತಿಡಲು ಬಂದವಳು,
ಟೀಚರ ಲೋಟದಡಿಯ ಕಾಗದ ಬಿಚ್ಚಿ
"ಇದೇನವ್ವಾ, ತೆಂಗಿನಮರಕ್ಕೆ ಕೊಂಬೆ ಬರ್ದವ್ರೆ?" ಎಂದಳು.
"ತೆಂಗಲ್ಲ ಅಜ್ಜಿ, ವಂಶದ ಮರ."
"ನಂದಕ್ಕೆ ಬೇರಿಲ್ಲ ಬುಡಿ.
ನಮ್ಮವ್ವ ಸಿಕ್ಕಿದ್ದು ಟೇಸನ್ನಾಗೆ, ಕೊಬ್ಬರಿ ಮೂಟೆ ಸಂದೀಲಿ.
ಇಂಜಿನ್ನಿಗೆ ನೀರು ಬುಡೋ ಏಲೀಯಪ್ಪ ಎತ್ಕಂಡ್ ಬಂದು
ಇದೇ ಗುಡೀಲಿ ಹೆಸರಾಕ್ಸಿದ.
ಅಪ್ಪ ಅಮ್ಮ ಅನ್ನೋ ತಾವ
ಪಾದ್ರಿ ದೊರೆ ಏನ್ ಬರ್ದವ್ನೋ, ನೋಡ್ಕಳಿ ಬೇಕಾರೆ."

ಬೀರುವಿನ ಕೀಲಿ ನನ್ನ ಹತ್ತಿರವೇ ಇತ್ತು.
ಗೆದ್ದಲು ಅಂಚು ತಿಂದ ರಿಜಿಸ್ಟರು, ನುಸಿಗುಳಿಗೆ ವಾಸನೆ.
ಪುಟ ನಲವತ್ತೊಂದು. ಕಂದಿದ ಶಾಯಿ, ಓರೆ ಅಕ್ಷರ.
ಹೆಸರು: ಕೃಪೆ. ವಯಸ್ಸು: ಸುಮಾರು ಹತ್ತು ದಿನ.
ತಂದೆ ತಾಯಿ ಎಂಬಲ್ಲಿ
ಏನೋ ಬರೆದು, ಹೊಡೆದು, ಮತ್ತೆ ಬರೆದಿತ್ತು:
ಈ ಸಭೆ.

ಸುವಾರ್ತಮ್ಮನಿಗೆ ಓದಲು ಬರುವುದಿಲ್ಲ.
ಬೆರಳು ಎಲ್ಲಿಡಬೇಕೆಂದು ಮಾತ್ರ ಗೊತ್ತಿತ್ತು.

ಉದ್ದನೆಯದೊಂದು ಗೂಡ್ಸು ಹೋಯಿತು.
ಅಯ್ಯನವರು ಪೆನ್ನಿನ ತುದಿ ಕಚ್ಚಿ
ಆ ಎರಡು ಗೆರೆ ಹೊಡೆದುಬಿಡಲೇ ಎಂದರು.
ಬೇಡ ಎಂದವರು ಜ್ಞಾನಾನಂದಪ್ಪ:
"ಇರಲಿ. ಬರೆಯೋರು ಬರೀಲಿ, ಬಿಡೋರು ಬಿಡಲಿ.
ಖಾಲಿ ಬಿಟ್ಟವರನ್ನ ಯಾಕೆ ಅಂತ ಕೇಳೋದು ಬೇಡ.
ಬರೆದವರನ್ನೂ."
ಇನ್ನೊಂದು ಗೆರೆ ಸೇರಿಸಿ ಎಂದೆ ನಾನು.
ಎತ್ತಿಕೊಂಡವರ ಹೆಸರು.
ಅನುಮೋದನೆ: ತಬಿತಾ ಟೀಚರು.
ಖರ್ಚು: ಝೆರಾಕ್ಸು ಸೇರಿ ಮುನ್ನೂರು.
ಫ್ಲೆಕ್ಸಿನ ವಿಷಯ ಮುಂದಿನ ಸಭೆಗೆ.

ರಾತ್ರಿ ಅಡುಗೆಮನೆಯಲ್ಲಿ ನನ್ನದನ್ನು ತುಂಬಲು ಕೂತೆ.
ಮುತ್ತಜ್ಜನ ಚೌಕದಲ್ಲಿ ಪೌಲಪ್ಪ ಎಂದು ಬರೆದು
ಅದರ ಕೆಳಗೆ ಪೆನ್ಸಿಲಿನಲ್ಲಿ,
ಅಳಿಸಲು ಬರುವಷ್ಟು ಹಗುರಾಗಿ,
ಅವನವ್ವ ಕೂಗುತ್ತಿದ್ದ ಹೆಸರು.

ರಬ್ಬರು ಪಕ್ಕದಲ್ಲೇ ಇದೆ.
ಇನ್ನೂ ಮುಟ್ಟಿಲ್ಲ.