ಬೀದಿಗೆ ಎರಡು

ಫಾರಂನಲ್ಲಿ ಹದಿನೇಳು ಕಾಲಂ.
ಹನ್ನೊಂದನೆಯದು: ಕುರ್ಚಿ, ಎಷ್ಟು?

ಬಂದ ಅರ್ಜಿ ನೂರಾ ಮೂವತ್ತೆರಡು,
ಇರುವ ದುಡ್ಡು ನಲವತ್ತು ಮಕ್ಕಳಿಗೆ.
ಉಳಿದವರನ್ನು ಬಿಡಲು ಕಾರಣ ಬೇಕಲ್ಲ,
ಅದನ್ನು ಹುಡುಕುವ ಕೆಲಸ ನನ್ನದು.
ಅಂಚೆಯವನಾಗಿದ್ದೆ. ರಿಟೈರಾದರೂ
ಮನೆ ನಂಬರು ಮರೆತಿಲ್ಲ.

ಚಿಪ್ಪಿನಕಟ್ಟೆಯ ಹಿಂದಿನ ಆ ಓಣಿಗೆ
ಮೂವತ್ತು ವರ್ಷ ಮನಿಯಾರ್ಡರು ಹಂಚಿದ್ದೇನೆ.
ಹೊಸ್ತಿಲಲ್ಲೇ ಹೆಬ್ಬೆಟ್ಟು ಒತ್ತಿಸಿಕೊಂಡು
ಸೈಕಲ್ ಹತ್ತುತ್ತಿದ್ದೆ. ಯಾರೂ ಕೂರಿಸಲಿಲ್ಲ,
ಕೂರಬೇಕು ಅಂತ ನನಗೂ ಅನ್ನಿಸಲಿಲ್ಲ.
ಈಗ ಕೈಯಲ್ಲಿ ರಟ್ಟು, ರಟ್ಟಿಗೆ ಕ್ಲಿಪ್ಪು,
ಕ್ಲಿಪ್ಪಿನಲ್ಲಿ ಅವರ ಮಕ್ಕಳು.

ಪುಟ್ಟಲಕ್ಷ್ಮಿ ಎಪಿಎಂಸಿ ಯಾರ್ಡಿನಲ್ಲಿ
ಆಲೂಗೆಡ್ಡೆ ಆರಿಸುತ್ತಾಳೆ.
ದಪ್ಪನೆಯದು ಒಂದು ರಾಶಿ, ನಡುವಿನದು ಒಂದು,
ಗೋಲಿಯಷ್ಟಿರುವುದು ಯಾರಾದರೂ ಒಯ್ದರೆ ಒಯ್ಯಲಿ.
ಕೊಳೆತದ್ದಕ್ಕೆ ಕಣ್ಣೇ ಬೇಡವಂತೆ, ಬೆರಳಿಗೆ ಗೊತ್ತಾಗುತ್ತದಂತೆ.
"ನಿಮ್ದೂ ಹಂಗೇ ಅಲ್ವಾ ಸಾ ಕೆಲ್ಸ" ಅಂದಳು,
ಜೊತೆ ಕೂಲಿಯವರನ್ನು ಮಾತಾಡಿಸುವ ಹಾಗೆ.

ನೀಲಿ ಪ್ಲಾಸ್ಟಿಕ್ ಕುರ್ಚಿ ಎರಡು.
ಒಂದರ ಕಾಲಿಗೆ ತಂತಿ ಸುತ್ತಿತ್ತು.
ಗಟ್ಟಿಯದನ್ನು ಸೆರಗಿನಿಂದ ಒರೆಸಿ ಕೂರಿಸಿದಳು.
ಟೀ ಬಂತು, ಕೆನೆ ಕಟ್ಟುವಷ್ಟು ಹಾಲು.
ಒಂಬತ್ತನೆಯ ಕಾಲಂ: ಹಾಲು, ದಿನಕ್ಕೆ ಎಷ್ಟು?
ಕುಡಿದು, ಲೋಟ ಕೆಳಗಿಟ್ಟು,
ಕಾಲು ಲೀಟರು ಅಂತ ಬರೆದೆ.

ಗಂಡ ಲಾರಿ ಕ್ಲೀನರು.
ಶಿರಾಡಿ ಇಳಿದವನು ಮತ್ತೆ ಹತ್ತಿಲ್ಲ, ನಾಲ್ಕು ವರ್ಷ.
ಇದ್ದಾನೆ, ಸತ್ತಿದ್ದಾನೆ, ಬಿಟ್ಟಿದ್ದಾನೆ,
ಮೂರರಲ್ಲಿ ಒಂದಕ್ಕೆ ಗುರುತು ಹಾಕಬೇಕು.
"ಬತ್ತಾನೆ" ಅಂದಳು.
ಆ ಚೌಕ ಫಾರಂನಲ್ಲಿ ಇರಲಿಲ್ಲ.

ಹೊರಟಾಗ ಬಾಗಿಲ ಸಂದಿಯಿಂದ ಮಗಳು ತನುಜಾ,
ಐದನೇ ಕ್ಲಾಸು:
"ನಾವು ಪಾಸಾ?"

ಮುಂದಿನ ಮನೆ ಗುಲ್ನಾರ್‌ದು. ನೀಲಿ ಕುರ್ಚಿ ಎರಡು. ಬರೆದೆ.
ಅದರಾಚೆ ಬ್ಯಾಂಡ್‌ಸೆಟ್ಟಿನ ಮುನಿಸ್ವಾಮಿ,
ಗೋಡೆಯಲ್ಲಿ ತೂಗುವ ಬ್ಯೂಗಲ್ಲು, ಕೆಳಗೆ ಕುರ್ಚಿ ಎರಡು. ಬರೆದೆ.
ಕೂರಲು ಹೋದರೆ ತಂತಿ ಪ್ಯಾಂಟಿಗೆ ಸಿಕ್ಕಿತು.

ಬಿಡಿಸಿಕೊಳ್ಳುತ್ತ ತಲೆಯೆತ್ತಿದೆ.
ಹಿತ್ತಲ ಗೋಡೆಯ ಮೇಲೆ ತನುಜಾಳ ಎರಡು ಜಡೆ,
ಕಂಡವು, ಇಲ್ಲವಾದವು.

ನನಗಿಂತ ಮುಂಚೆ, ಮನೆಯಿಂದ ಮನೆಗೆ,
ಆ ಮಗು ಕುರ್ಚಿ ಹೊತ್ತು ಓಡಿದೆ.
ಹಾಲಿನ ಪ್ಯಾಕೆಟ್ಟೂ ಒಂದೇ ಇದ್ದಿರಬೇಕು,
ಮೂರು ಟೀಗೆ ಗೋಡೆ ಹತ್ತಿ ಇಳಿದಿರಬೇಕು.
ಮೂರು ಮನೆಗೆ ಆರು ಕುರ್ಚಿ ಬರೆದಿತ್ತು
ಮೂವತ್ತು ವರ್ಷ ವಿಳಾಸ ತಪ್ಪದ ಈ ಕೈ.

ಮೂರೂ ಹಾಳೆಯಲ್ಲಿ ಅದನ್ನು ಹೊಡೆದು ಬರೆದೆ:
ಬೀದಿಗೆ ಎರಡು.

ಭಾನುವಾರ ಮೀಟಿಂಗು,
ಕಾಫಿ ಕ್ಯೂರಿಂಗಿನ ಹಳೇ ಆಫೀಸಿನಲ್ಲಿ.
ಅಧ್ಯಕ್ಷ ನಾಗಭೂಷಣಯ್ಯನವರು ಕೆಟ್ಟವರಲ್ಲ.
ಮಕ್ಕಳ ಕೈಲಿ ಬೈಸಿಕೊಂಡು ಸೈಟು ಮಾರಿ ಟ್ರಸ್ಟು ಮಾಡಿದವರು,
ಸ್ಕೂಲ್ ಬ್ಯಾಗಿನ ಮೇಲೆ ಹೆಸರು ಹಾಕಿಸಿಕೊಳ್ಳದವರು.
"ಇದೇನ್ರೀ ಇದು?" ಅಂದರು. ಹೇಳಿದೆ.
ಕನ್ನಡಕ ತೆಗೆದು, ಪಂಚೆಯಂಚಿನಲ್ಲಿ
ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಒರೆಸಿದರು.
ಆಮೇಲೆ ಹನ್ನೊಂದನೆಯ ಕಾಲಂ ಹೊಡೆದರು.
ಸ್ವಲ್ಪ ತಡೆದು, ಒಂಬತ್ತನ್ನೂ.

ಕಾಲಂ ಹದಿನೈದಾಯಿತು.
ದುಡ್ಡು ನಲವತ್ತಕ್ಕೇ ಇತ್ತು.

ತನುಜಾ ಪಾಸು. ಮುನಿಸ್ವಾಮಿಯ ಮಗ ಪಾಸು.
ಗುಲ್ನಾರ್‌ಳ ಇಬ್ಬರಿಗೆ "ಮುಂದಿನ ವರ್ಷ" ಎಂದು
ಬರೆದವನೂ ನಾನೇ,
ಕಾರಣದ ಜಾಗ ಖಾಲಿ ಬಿಟ್ಟು.

ಈಗ ಹೋದರೆ ನೆಲದ ಮೇಲೇ ಕೂರುತ್ತೇನೆ.
"ಅಯ್ಯೋ, ತಣ್ಣಗದೆ ಸಾ" ಅಂತ ಚಾಪೆ ತರುತ್ತಾರೆ.
ಯಾರ ಮನೆಯದು ಅಂತ ಕೇಳುವುದಿಲ್ಲ.