ಅಂಚಿನಲ್ಲೊಂದು ಕೈ

ಬೊಲೋನ್ಯದ ಕಮಾನುಗಳ ಕೆಳಗೆ, ಮಂಜು ಕರಗುವ ಮುಂಚೆಯೇ
ಮಾರ್ಟಿನೆಲ್ಲೋನ ಅಂಗಡಿ ಬಾಗಿಲು ಬಡಿಯುತ್ತಾರೆ ಹುಡುಗರು,
ಆಲ್ಪ್ಸ್ ದಾಟಿ ಬಂದವರು, ಮೂಗು ಕೆಂಪಾದವರು.
ಕಾನೂನು ಕಲಿಯಬೇಕಂತೆ. ಪುಸ್ತಕಕ್ಕೆ ಕಾಸಿಲ್ಲ.
ಇಡೀ ಪುಸ್ತಕ ಯಾರು ಕೊಡುತ್ತಾರೆ?
ಬಿಡಿ ಕಂತೆ ಬಾಡಿಗೆಗೆ: ನಾಲ್ಕು ಹಾಳೆ, ಒಂದು ವಾರ.
ಒತ್ತೆಗೆ ಚಳಿಗಾಲದ ಮೇಲಂಗಿ.

ಆ ಕಂತೆಗಳನ್ನು ಬರೆಯುವವಳು ನಾನು, ಬೆಲ್ಲಬ್ರೂನಾ.
ಗಂಡ ಕಲಿಸಿದ ಅಕ್ಷರ; ಗಂಡ ಹೋದ, ಅಕ್ಷರ ಉಳಿಯಿತು.
ಕೈ ಮಸಿಯಾದರೆ ಬಾಯಿ ಮೊಸರು.
ಕುರಿಚರ್ಮ ಉಜ್ಜಿ, ಹೆಬ್ಬಾತಿನ ಗರಿ ಕೆತ್ತಿ
ಸತ್ತ ರೋಮಿನ ಜಗಳಗಳನ್ನೆಲ್ಲ ಇಳಿಸಿದೆ:
ಯಾರ ಜೇನು ಯಾರ ಮರಕ್ಕೆ ಹಾರಿತು,
ಯಾರ ಸೂರಿನ ನೀರು ಯಾರ ಅಂಗಳಕ್ಕೆ ಬಿತ್ತು,
ಮಡಿ ಮಾಡಲು ಕೊಟ್ಟ ಬಟ್ಟೆ ಇಲಿ ಕಡಿದರೆ ಯಾರ ಹೊಣೆ,
ಪ್ರವಾಹ ಒಯ್ದರೆ ಯಾರ ಹೊಣೆ.
(ಇಲಿಗೆ ಅಗಸನ ಹೊಣೆ. ಪ್ರವಾಹಕ್ಕೆ ಯಾರೂ ಅಲ್ಲ.)

ತಪ್ಪಿಗೆ ದಂಡ. ಹುಡುಗರೇ ಆರಿಸಿದ ಪರೀಕ್ಷಕರು
ಅಕ್ಷರಕ್ಕೆ ಮೂಗು ತಾಗಿಸಿ ನೋಡುತ್ತಾರೆ.
ಗುರುವಿಗೂ ದಂಡವುಂಟು ಈ ಊರಲ್ಲಿ:
ಗಂಟೆ ಹೊಡೆದ ಮೇಲೆ ಬಂದರೆ, ಕಠಿಣ ಸಾಲು ಹಾರಿಸಿದರೆ,
ಹೇಳದೆ ಊರು ಬಿಟ್ಟರೆ.
ಅದಕ್ಕೇ ಪಾಪ, ಕುಂಟುತ್ತ ಓಡುತ್ತಾರೆ ಮುದುಕರು ಬೆಳಿಗ್ಗೆ.

ಒಂದು ಸಂಜೆ, ದೀಪದೆಣ್ಣೆ ತಳ ಕಂಡಾಗ, ಆ ಸಾಲು ಬಂತು.
ರೋಮಿನಲ್ಲೊಬ್ಬಳಿದ್ದಳಂತೆ,
ನ್ಯಾಯಾಧೀಶನ ತಲೆ ಚಿಟ್ಟುಹಿಡಿಯುವಂತೆ ವಾದಿಸಿದಳಂತೆ;
ಅಂದಿನಿಂದ ಯಾವ ಹೆಣ್ಣೂ
ಇನ್ನೊಬ್ಬರ ಪರವಾಗಿ ಬಾಯಿ ತೆರೆಯಕೂಡದು.
ಎತ್ತಿಗೆ ಜ್ವರ, ಎಮ್ಮೆಗೆ ಬರೆ.
ಬರೆ, ಅಂದರು. ಬರೆದೆ.
ತಪ್ಪಿಲ್ಲದೆ, ದುಂಡಗೆ.
ಮಸಿ ಆರಲೆಂದು ಊದಿದೆ ಕೂಡ.

ಮೂರು ವರ್ಷದ ಮೇಲೆ ಜುವಾನಾಳ ಹಾಸುಬಟ್ಟೆ ಹೋಯಿತು.
ಕಾಲುವೆಯಲ್ಲಿ ಒಗೆಯುವ ಜುವಾನಾ, ಮಾತು ತೊದಲುವ ಜುವಾನಾ.
ಮೇಲೆಲ್ಲೋ ಬಿರುಮಳೆ; ಹೊಳೆ ಕಟ್ಟೆ ಒಡೆದು ನುಗ್ಗಿತು,
ರೇಷ್ಮೆ ವ್ಯಾಪಾರಿಯ ಮನೆಯ ಕಸೂತಿ ಹಾಸು ತೇಲಿಹೋಯಿತು.
ಕಟ್ಟೆಯ ಮುಂದೆ ನಿಂತು ಅವಳು
ಹೊ... ಹೊ... ಹೊಳೆ ಎನ್ನುವಷ್ಟರಲ್ಲಿ
ಜನ ನಕ್ಕು ಮುಗಿಸಿದ್ದರು.

ನಾನು ಎದ್ದೆ.
ಹೇಳಲಿಕ್ಕೆ ಎಷ್ಟಿತ್ತು? ಒಂದೇ ಸಾಲು.
ಎಡಬದಿಯ ಕಂಬ, ಮೇಲಿನಿಂದ ಒಂಬತ್ತನೆಯದು.

ನ್ಯಾಯಾಧೀಶನ ಪಕ್ಕದಲ್ಲಿ ತೆಬಾಲ್ಡೋ ಕೂತಿದ್ದ.
ಹಸಿದು ಬಂದಾಗ ಚೆಸ್ಟ್‌ನಟ್ ಗಂಜಿ ಕುಡಿಸಿದ್ದೆ ಅವನಿಗೆ,
ನನ್ನ ಕಂತೆಯಿಂದಲೇ ಓದಿ ವಕೀಲನಾದವನು.
ಅವನು ನನ್ನ ಮುಖ ನೋಡಲಿಲ್ಲ.
ಕಣ್ಣು ಮುಚ್ಚಿ ಒಪ್ಪಿಸಿದ, ಆ ಇನ್ನೊಂದು ಸಾಲನ್ನು,
ನಾನು ಉಸಿರೆಳೆಯಲು ಗರಿ ಎತ್ತಿದ್ದ ಕಡೆಯೇ
ತಾನೂ ಉಸಿರೆಳೆದು.
ನಾನು ಕೂತೆ.
ಜುವಾನಾ ಹನ್ನೊಂದು ಸೋಲ್ದಿ ತೆತ್ತಳು.

ಆ ರಾತ್ರಿ ಅಂಗಡಿಯಲ್ಲಿ ಆ ಕಂತೆಯನ್ನೇ ಹುಡುಕಿ ತೆಗೆದೆ.
ಕೆರೆಯಬಹುದಿತ್ತು; ಚಾಕು ಕೈಯಲ್ಲೇ ಇತ್ತು.
ಕೆರೆಯಲಿಲ್ಲ. ಅಂಚಿನಲ್ಲಿ ಒಂದು ಕೈ ಬರೆದೆ ಅಷ್ಟೆ:
ಗಂಟುಬಿದ್ದ ಬೆರಳು, ಒಗೆದು ಒಗೆದು ಸುಕ್ಕಾದದ್ದು,
ಅವಳ ಹೆಸರಿನ ಕಡೆಗೆ ಚಾಚಿದ್ದು.
ಪರೀಕ್ಷಕರು ಎಣಿಸಿದರು. ಅಕ್ಷರ ಒಂದೂ ತಪ್ಪಿಲ್ಲ.

ಈಗ ಹುಡುಗರೆಲ್ಲ ಸಾಲಿನ ಜೊತೆ ಕೈಯನ್ನೂ ನಕಲು ಮಾಡುತ್ತಾರೆ.
ಕೈಯಿದ್ದರೆ ಮುಖ್ಯ ಎನ್ನುತ್ತಾರೆ ಗುರುಗಳು,
ಅಲ್ಲಿ ನಿಂತು ಎರಡು ಸಲ ಓದುತ್ತಾರೆ.
ಪ್ರೇಗ್‌ಗೆ ಹೋಯಿತಂತೆ ಒಂದು ಪ್ರತಿ, ಇನ್ನೊಂದು ಟೂಲೂಸ್‌ಗೆ.
ರೋಮಿನ ಉಳಿದ ಹೆಸರು ಮರೆತವರೂ
ಆ ಹೆಂಗಸಿನ ಹೆಸರು ಬಾಯಿಪಾಠ ಹೇಳುತ್ತಾರೆ, ಬೈಯುತ್ತಲೇ.

ಜುವಾನಾಗೆ ಓದಲು ಬಾರದು. ತೋರಿಸಿದೆ.
ಹಾಳೆಯ ಮೇಲೆ ಬೆರಳಿಟ್ಟು, ತನ್ನದನ್ನೊಮ್ಮೆ ನೋಡಿಕೊಂಡು,
ನನ್ನ ತೋಳಿನ ಮಸಿಯನ್ನು ಕಲ್ಲಿಗೆ ಉಜ್ಜುತ್ತ ಅಂದಳು:
ಹೋ... ಹೋ... ಹೋಗೋದಿಲ್ಲ ಇದು.