ಕಣಕಾಲಷ್ಟು ನೀರು

ಎರಡು ಬಾಗಿಲು. ನೆತ್ತಿಯ ಕಲ್ಲಿನಲ್ಲೇ ಕೆತ್ತಿದ್ದಾರೆ:
ಒಂದಕ್ಕೆ ಗಂಡಸರು, ಇನ್ನೊಂದಕ್ಕೆ ಹೆಂಗಸರು.
ಹಲ್ ಊರಿನ ಬೆಸ್ತರು ಒಂದು ಕಾಲಕ್ಕೆ
ವಾರಕ್ಕೊಮ್ಮೆ ಬಂದು ಮೀನುವಾಸನೆ ತೊಳೆದುಕೊಂಡ ಕೊಳ.
ಈಗ ಟಿಕೆಟ್ ಹರಿಯುವ ಹುಡುಗಿ ಹೇಳುತ್ತಾಳೆ,
ಯಾವುದರಿಂದಾದರೂ ಹೋಗಿ, ಬೂಟು ಮಾತ್ರ ಇಲ್ಲಿ ಬಿಡಿ.

ಹೆಂಗಸರ ಬಾಗಿಲಿಗೇ ಹೋದೆ. ಅಭ್ಯಾಸಬಲ.
ಪ್ಯಾಂಟು ಮಡಚಿ ಇಳಿದರೆ
ಕಣಕಾಲಷ್ಟು ನೀರು, ಉಗುರುಬೆಚ್ಚಗೆ, ಸುತ್ತ ಕತ್ತಲು.
ಹೆಜ್ಜೆಯಿಟ್ಟಲ್ಲಿ ಬೆಳಕು ಒಡೆದು ಚದುರುತ್ತದೆ.
ಬಿಳಿ ಟೈಲುಗಳ ಮೇಲೆ ನನ್ನ ನೆರಳು
ಅಣ್ಣನ ಹೆಗಲಾಗಿ, ಯಾರದೋ ಬಿಚ್ಚಿದ ಜಡೆಯಾಗಿ,
ತುಸು ಹೊತ್ತು ಏನೂ ಆಗದೆ
ಬರೀ ಅಲುಗುತ್ತ.

ಇದನ್ನೆಲ್ಲ ಮಾಡಿದ್ದು ಅಣ್ಣನ ಕೂಸು.
ಮಗ ಅಂದರೆ ತಪ್ಪು, ಮಗಳು ಅಂದರೆ ಪೂರ್ತಿ ಸರಿಯಲ್ಲ.
ಹೆಸರು ತೊರೆ. ತಾನೇ ಇಟ್ಟುಕೊಂಡದ್ದು,
ನಿಘಂಟಿನಲ್ಲಿ ಒಂದೇ ಪದಕ್ಕೆ ಎರಡು ಅರ್ಥ ಕಂಡು:
ಹರಿಯುವ ಹೊಳೆ. ಬಿಟ್ಟುಬಿಡು.
ಬಿಟ್ಟ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಮಾತು ಕೊಟ್ಟಿದ್ದೇನೆ.

ಮೂವತ್ತು ವರ್ಷ ನೀರಿನ ಲ್ಯಾಬಿನಲ್ಲಿ ಕೂತವಳು ನಾನು.
ಶೀಶೆಗೊಂದು ಚೀಟಿ:
ಎಲ್ಲಿಯದು, ಎಷ್ಟು ಹೊತ್ತಿನದು, ಉಪ್ಪೆಷ್ಟು, ಕೆಸರೆಷ್ಟು.
ಹಂಬರ್ ನದಿಯದ್ದು ಮಾತ್ರ ಸತಾಯಿಸುತ್ತಿತ್ತು.
ಇಳಿತದಲ್ಲಿ ನದಿ, ಉಬ್ಬರ ಏರಿದರೆ ಕಡಲು,
ಅದೇ ಕಟ್ಟೆ, ಅದೇ ಬಕೆಟ್ಟು.
ಯಾವ ಕಾಲಂನಲ್ಲಿ ತುಂಬಲಿ ಎಂದು ಕೇಳಿದ್ದಕ್ಕೆ
ಸಾಹೇಬ ಟೀ ಹೀರುತ್ತ ಅಂದಿದ್ದ:
ಕಾಲಂ ನಮ್ಮದು, ನದಿಯದ್ದಲ್ಲ.

ನಗುತ್ತ ಮನೆಗೆ ಬಂದಿದ್ದೆ ಅವತ್ತು.
ಮನೆಯ ಮಾತಿಗೆ ಬಂದಾಗ ನಗು ಬರಲಿಲ್ಲ.
ಬಂದ ಅನ್ನಲೇ, ಬಂದಳು ಅನ್ನಲೇ?
ಕ್ರಿಯಾಪದದ ಬಾಲದಲ್ಲೇ ದೊಣ್ಣೆನಾಯಕ ಕೂತಿದ್ದಾನೆ
ಹೊಳೆಯ ನೀರಿಗೂ ಅಪ್ಪಣೆ ಕೇಳುತ್ತ.
ಬಂತು ಅಂದರೆ ಬಸ್ಸು, ಬೆಕ್ಕು, ಕರೆಂಟು.
ಬಂದರು ಅಂದು ನೋಡಿದೆ. ತೊರೆಗೆ ತಡೆಯಲಾರದ ನಗು:
ನಾನೇನು ಊರಗೌಡರೇ, ಅತ್ತೆ?
ನನ್ನ ಬಗ್ಗೆ ಯಾಕೆ ಮಾತಾಡುತ್ತೀ,
ನನ್ನ ಜೊತೆ ಆಡು.

ಕೊಳದ ನಡುವೆ ಅಡ್ಡಗೋಡೆ ಒಡೆದಿದ್ದಾರೆ.
ಆ ಕಡೆಯ ನೀರು ಈ ಕಡೆಗೆ ಬಂದದ್ದು
ಕಾಲಿಗೆ ಗೊತ್ತಾಗುವುದಿಲ್ಲ. ತಂಪಿನಲ್ಲೂ ವ್ಯತ್ಯಾಸವಿಲ್ಲ.
ಎದುರಿನ ಕತ್ತಲಲ್ಲಿ ಬೆಳಕು ಚದುರಿತು,
ಉದ್ದನೆಯ ಕಾಲು, ಬೆಳ್ಳಿಗೆಜ್ಜೆ, ಗಡ್ಡದ ನೆರಳು.

ಬಂದೆಯಾ?
ನಾನು ಬಂದೆ.
ನೀನು ಬಂದೆ.
ಅರವತ್ತೆರಡು ವರ್ಷ ಆಡಿದ ಭಾಷೆ,
ಎರಡಕ್ಕೂ ಒಂದೇ ಪದವೆಂದು
ಇವತ್ತು ಕಿವಿಗೆ ಬಿತ್ತು.

ಹೊರಗೆ ಅಣ್ಣ ಕಾರಿನಲ್ಲೇ ಕೂತಿದ್ದಾನೆ,
ಪಾರ್ಕಿಂಗ್ ಸಿಗಲಿಲ್ಲವಂತೆ.
ಒದ್ದೆ ಬೆರಳಿಗೆ ಫೋನು ಸರಿಯಾಗಿ ಓಗೊಡುವುದಿಲ್ಲ,
ಮೂರು ಸಲ ಅಳಿಸಿ ಬರೆದು ಕಳಿಸಿದೆ:

ನೀರು ಬೆಚ್ಚಗಿದೆ.